ಆಡ್ತೀಯಾ, ನೋಡ್ತೀಯಾ? ಗೇಮ್‌ಗಳ ಕಥೆ ಮೊದಲೇ ಹೇಳಿಬಿಡುವುದರ ಬಗ್ಗೆ

ಬಳ್ಳಾರಿಯ ಗೇಮಿಂಗ್ ಕೆಫೆಗಳಲ್ಲಿ ವರ್ಷಗಳಿಂದ ಮುಗಿಯದ ಮಾತೊಂದಿದೆ: ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಸರಣಿಯ ಹೊಸ ಗೇಮ್ ಜಿಟಿಎ 6 ಯಾವಾಗ ಬರುತ್ತದೆ? 2025ರ ನವೆಂಬರ್‌ನಲ್ಲಿ ರಾಕ್‌ಸ್ಟಾರ್ ಕಂಪನಿ ದಿನಾಂಕವನ್ನು ಮತ್ತೊಮ್ಮೆ ಮುಂದೆ ಹಾಕಿ, 2026ರ ನವೆಂಬರ್ 19 ಎಂದಿತು. ಆ ಪ್ರಕಟಣೆಯಲ್ಲಿದ್ದದ್ದು ಎರಡೇ ಕನ್ಸೋಲ್‌ಗಳ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳ ಹೆಸರು, ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್. ಪಿಸಿಯ ಮಾತೇ ಇರಲಿಲ್ಲ. ನಾನು ಕಂಡಂತೆ ನಮ್ಮ ಕಡೆ ಆಡುವವರ ಕೈಯಲ್ಲಿ ಇರುವುದು ಮೊಬೈಲು, ಇಲ್ಲವೇ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಪಿಸಿ. ಅಂದರೆ ಆಟ ಬಿಡುಗಡೆಯಾದ ವಾರದಲ್ಲೇ ಅದರ ಕಥೆ ಊರಿಗೆಲ್ಲ ಗೊತ್ತಾಗುತ್ತದೆ, ಆಟ ಮಾತ್ರ ಬಂದಿರುವುದಿಲ್ಲ.

ಕಥೆ ಮೊದಲು ಬಂದು ಆಟ ಆಮೇಲೆ ಬರುವ ಈ ನಡುವಿನ ಕಾಲವೇ ನಮ್ಮಲ್ಲಿ ಜಗಳಕ್ಕೆ ಕಾರಣ. ಒಬ್ಬ ಯೂಟ್ಯೂಬ್‌ನಲ್ಲಿ ಕೊನೆ ನೋಡಿ ಬಂದಿರುತ್ತಾನೆ, ಹೇಳದೆ ಇರಲು ಆಗುವುದಿಲ್ಲ. ಇನ್ನೊಬ್ಬ ಕಿವಿ ಮುಚ್ಚಿಕೊಂಡು, ‘ಲೇ, ಹೇಳಬ್ಯಾಡಲೇ, ನಾ ಇನ್ನಾ ಆಡಿಲ್ಲ’ ಎಂದು ಕೂಗುತ್ತಾನೆ. ಮೂರನೆಯವನಿಗೆ ಇವರಿಬ್ಬರ ಗಲಾಟೆಯೇ ಅರ್ಥವಾಗುವುದಿಲ್ಲ. ‘ಆಟ ಅಂದ್ರೆ ಆಡೋದು, ಕಥಿ ಗೊತ್ತಾದ್ರೆ ಏನು ಹೋತು?’ ಎನ್ನುತ್ತಾನೆ. ಈ ಮೂವರದ್ದೂ ಹಟ ಅಲ್ಲ. ಅವರವರ ಮಾತಿಗೆ ಅವರವರ ಕಾರಣ ಇದೆ.

ಮೊದಲು ಕಾಯುವ ಲೆಕ್ಕ ನೋಡೋಣ. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ರೆಡ್ ಡೆಡ್ ರಿಡೆಂಪ್ಷನ್ 2 ಕನ್ಸೋಲ್‌ಗೆ 2018ರ ಅಕ್ಟೋಬರ್, ಪಿಸಿಗೆ 2019ರ ನವೆಂಬರ್. ಪ್ಲೇಸ್ಟೇಷನ್ ಮಾಡುವ ಸೋನಿಯವರ ಆಟಗಳದ್ದು ಇನ್ನೂ ಉದ್ದ. ಗಾಡ್ ಆಫ್ ವಾರ್ 2018ರ ಏಪ್ರಿಲ್‌ನಲ್ಲಿ ಬಂತು, ಪಿಸಿಯವರು 2022ರ ಜನವರಿವರೆಗೆ ಕಾದರು. ದ ಲಾಸ್ಟ್ ಆಫ್ ಅಸ್ ಎರಡನೇ ಭಾಗ 2020ರ ಜೂನ್‌ನಲ್ಲಿ ಬಂದದ್ದು ಪಿಸಿಗೆ ಇಳಿದದ್ದು 2025ರ ಏಪ್ರಿಲ್‌ನಲ್ಲಿ. ಹತ್ತಿರ ಹತ್ತಿರ ಐದು ವರ್ಷ.

ಕನ್ನಡಿಗರಿಗೆ ಹೆಚ್ಚು ತಾಗುವ ಉದಾಹರಣೆ ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ. ಇದರ ಕಥೆ ನಡೆಯುವುದೇ ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಹೆಸರಿನ ಸುತ್ತ. ಹಳೇಬೀಡು, ಬೇಲೂರು ಎಂಬ ಹೆಸರುಗಳು ಒಂದು ದೊಡ್ಡ ಕಂಪನಿಯ ಆಟದಲ್ಲಿ ಕೇಳಿಬಂದಾಗ ನಮ್ಮವರಿಗೆ ಆದ ಖುಷಿ ಸಣ್ಣದಲ್ಲ. ಆದರೆ ಆಟ ಪ್ಲೇಸ್ಟೇಷನ್ 4ಕ್ಕೆ ಬಂದದ್ದು 2017ರ ಆಗಸ್ಟ್‌ನಲ್ಲಿ, ಪಿಸಿಗೆ 2022ರ ಅಕ್ಟೋಬರ್‌ನಲ್ಲಿ. ನಮ್ಮದೇ ನಾಡಿನ ಗುಡಿ, ನಮ್ಮದೇ ರಾಜವಂಶದ ಹೆಸರು. ಆದರೂ ಅದನ್ನು ಕೈಯಾರೆ ಆಡುವ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನ ಅದರ ಕೊನೆಯನ್ನು ಯೂಟ್ಯೂಬ್‌ನಲ್ಲಿ ನೋಡಿ ಆಗಿತ್ತು.

ಆಟ ನಮ್ಮ ಯಂತ್ರಕ್ಕೆ ಬಂದ ಕೂಡಲೇ ಕಾಯುವುದು ಮುಗಿಯುವುದಿಲ್ಲ. ಸೋನಿಯ ದೊಡ್ಡ ಆಟವೊಂದು ಪ್ಲೇಸ್ಟೇಷನ್ 5ಕ್ಕೆ ಹೊಸದಾಗಿ ಬಂದಾಗ ಭಾರತದಲ್ಲಿ ಅದರ ಬೆಲೆ ₹4,999. ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿಯುವ ಹುಡುಗನಿಗೂ, ಹಾಸ್ಟೆಲ್‌ನಲ್ಲಿರುವ ಡಿಪ್ಲೊಮಾ ಹುಡುಗನಿಗೂ ಅದು ಸುಮ್ನೆ ಕೊಟ್ಟುಬಿಡುವ ದುಡ್ಡಲ್ಲ. ಅವರು ಸೇಲ್‌ಗೆ ಕಾಯುತ್ತಾರೆ. ಆಮೇಲೆ ಡೌನ್‌ಲೋಡ್. ರೆಡ್ ಡೆಡ್ 2 ಪಿಸಿಯಲ್ಲಿ ಕೇಳುವ ಜಾಗ 150 ಜಿಬಿ. ಮನೆಗೆ ಫೈಬರ್ ಇಲ್ಲದೆ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿದರೆ, ಅಷ್ಟು ಡೇಟಾಕ್ಕೆ 75 ದಿನ ಬೇಕು, ಅದೂ ಬೇರೇನೂ ನೋಡದಿದ್ದರೆ. ಅದಕ್ಕೇ ಸಿಂಧನೂರು, ಗಂಗಾವತಿ ಕಡೆಯ ಹುಡುಗರು ಹಾರ್ಡ್ ಡಿಸ್ಕ್ ಹಿಡಿದು ಫೈಬರ್ ಇರುವ ಗೆಳೆಯರ ಮನೆ ಹುಡುಕುತ್ತಾರೆ. ಆಟದ ಕಥೆ ಮುಗಿಸಲು ಸುಮಾರು 50 ಗಂಟೆ. ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡುವವನಿಗೆ ಎರಡು ತಿಂಗಳ ಹತ್ತಿರ. ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಯಾದ ಪಿಸಿ ತಾನಾಗಿ ಆಫ್ ಆಗುತ್ತದೆ, ಕರೆಂಟೂ ಹೋಗುತ್ತದೆ. ಆಗ ಇನ್ನೂ ನಿಧಾನ.

ಹಾಗಾಗಿ ‘ಎರಡು ವಾರ ಆಯ್ತಲ್ಲ, ಇನ್ನು ಹೇಳಬಹುದು’ ಎಂಬ ನಿಯಮ ನಮ್ಮಲ್ಲಿ ನಡೆಯುವುದಿಲ್ಲ. ಬಿಡುಗಡೆಯ ದಿನವೇ ಕೊಂಡು ಆಡಬಲ್ಲವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ನಿಯಮ ಅದು. ತಡವಾಗಿ ಆಡುವವನು ಸೋಮಾರಿಯಲ್ಲ, ಅವನಿಗೆ ಆಸಕ್ತಿ ಕಡಿಮೆ ಅಂತಲೂ ಅಲ್ಲ. ಎಷ್ಟೋ ಸಲ ಅವನ ಆಸೆಯೇ ಎಲ್ಲರಿಗಿಂತ ಜಾಸ್ತಿ, ಕಾದಿರುವುದೇ ಅದಕ್ಕೆ ಸಾಕ್ಷಿ. ಕಥೆ ಮೊದಲೇ ಗೊತ್ತಾಗಿಬಿಡುವ ಅಪಾಯಕ್ಕೆ ಜಾಸ್ತಿ ದಿನ ಒಡ್ಡಿಕೊಂಡಿರುವವನೂ ಅವನೇ.

ಹಂಚಿಕೊಂಡು ಆಡುವ ಕಡೆ ಬೇರೆಯದೇ ತೊಂದರೆ. ಹಳೇ ಸೈಬರ್ ಕೆಫೆಗಳಲ್ಲಿ ಜಿಟಿಎ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಆಡಿದವರಿಗೆ ಇದು ನೆನಪಿರುತ್ತದೆ. ಲೋಡ್ ಗೇಮ್ ಒತ್ತಿದರೆ ಎಂಟು ಸಾಲು. ಪ್ರತಿ ಸಾಲಿನಲ್ಲೂ ಒಬ್ಬೊಬ್ಬರು ಉಳಿಸಿಟ್ಟ ಆಟ, ಅದರ ಮೇಲೆ ಅವರು ಕೊನೆಗೆ ಮುಗಿಸಿದ ಮಿಷನ್ ಹೆಸರು, ಪಕ್ಕದಲ್ಲಿ ತಾರೀಕು. ನಿಮ್ಮ ಆಟ ಇನ್ನೂ ಮೊದಲ ಮಿಷನ್‌ಗಳಲ್ಲಿ ಇರುತ್ತದೆ. ಅದರ ಕೆಳಗೇ ಯಾರೋ ಕಾಲೇಜಿನ ಅಣ್ಣ ಕಥೆಯ ಕೊನೆಗೆ ಬಂದು ನಿಂತಿರುತ್ತಾನೆ, ಆ ಮಿಷನ್ನಿನ ಹೆಸರು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಕುತೂಹಲ ತಡೆಯದೆ ಅದನ್ನೇ ಲೋಡ್ ಮಾಡಿದವರು ಎಷ್ಟೋ ಜನ. ಅಲ್ಲಿ ಇಡೀ ನಕ್ಷೆ ತೆರೆದಿರುತ್ತಿತ್ತು, ಎಲ್ಲ ಊರಿಗೂ ಹೋಗಬಹುದಿತ್ತು. ಅಲ್ಲಿಗೆ ಹೇಗೆ ಬಂದೆವು ಎಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ಚೀಟ್ ಕೋಡ್ ಹಾಕಿ ಟ್ಯಾಂಕ್ ತರಿಸಿ, ಪೊಲೀಸರಿಂದ ತಪ್ಪಿಸಿಕೊಂಡು ಓಡಾಡಿ, ಗಂಟೆ ಮುಗಿದ ಕೂಡಲೇ ಎದ್ದು ಬರುತ್ತಿದ್ದ ಒಂದು ತಲೆಮಾರು ನಮ್ಮಲ್ಲಿದೆ. ಅವರಿಗೆ ಸ್ಯಾನ್ ಆಂಡ್ರಿಯಾಸ್ ಎಂದರೆ ಒಂದು ಊರು. ಅದಕ್ಕೊಂದು ಕಥೆ ಇತ್ತು, ಅಣ್ಣತಮ್ಮಂದಿರ ಕಥೆ, ನಂಬಿಕೆ ದ್ರೋಹದ ಕಥೆ ಎಂಬುದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ಮೇಲೆ ಹೇಳಿದ ಮೂರನೆಯವನು, ಕಥೆ ಗೊತ್ತಾದರೆ ಏನು ಹೋಯಿತು ಎನ್ನುವವನು, ಬಹುಪಾಲು ಈ ಹಾದಿಯಲ್ಲೇ ಬಂದವನು. ಇಲ್ಲವೇ ಮೊಬೈಲ್‌ನ ಶೂಟಿಂಗ್ ಆಟ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡಿ ಬೆಳೆದವನು. ಪಬ್‌ಜಿ ಮೊಬೈಲ್ ಮೇಲೆ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧ ಬಂತು, 2021ರ ಜುಲೈನಲ್ಲಿ ಅದೇ ಬಗೆಯ ಆಟ ಬಿಜಿಎಂಐ ಹೆಸರಿನಲ್ಲಿ ಬಂತು, ನಡುವೆ ಮತ್ತೆ ನಿಂತು 2023ರಲ್ಲಿ ವಾಪಸಾಯಿತು. ಅಲ್ಲಿ ಪ್ರತಿ ಪಂದ್ಯವೂ ಹೊಸದು, ಮೊದಲೇ ಹೇಳಿ ಕೆಡಿಸಲು ಏನೂ ಇಲ್ಲ. ಆ ಆಟದಿಂದ ಬಂದವನಿಗೆ ‘ಕಥೆ ಹೇಳಬೇಡ’ ಎಂಬ ಕೋಪ ವಿಚಿತ್ರವಾಗಿ ಕಂಡರೆ ತಪ್ಪೇನಿಲ್ಲ.

ಹಾಗಾದರೆ ಕಥೆ ಮೊದಲೇ ಗೊತ್ತಾದರೆ ನಿಜಕ್ಕೂ ಹೋಗುವುದೇನು?

ನಮ್ಮ ಕಡೆ ಇದಕ್ಕೆ ಸಿದ್ಧವಾದ ಒಂದು ಉತ್ತರ ಇದೆ. ಹಿರಿಯರು ಕೂಡಲೇ ಹೇಳುತ್ತಾರೆ: ಬಯಲಾಟಕ್ಕೆ ಹೋಗುವವರಿಗೆ ಕೊನೆಗೆ ಯಾರು ಸಾಯುತ್ತಾರೆ ಎಂಬುದು ಗೊತ್ತಿಲ್ಲವಾ? ಆದರೂ ಬೆಳತನಕ ಕೂರುತ್ತಾರಲ್ಲ. ಮಾತು ನಿಜ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಜೀವಮಾನವಿಡೀ ಅವರು ತೊಗಲುಗೊಂಬೆಯಲ್ಲಿ ಆಡಿಸಿದ್ದು ರಾಮಾಯಣ, ಮಹಾಭಾರತದ ಕಥೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರೂ ತೊಗಲುಗೊಂಬೆಗಳನ್ನು ಊರೂರಿಗೆ ಒಯ್ದರು, ಅದರಲ್ಲಿ ಗಾಂಧೀಜಿಯ ಕಥೆಯನ್ನೂ ಆಡಿಸಿದರು. ಗಾಂಧೀಜಿಯ ಕಥೆಯ ಕೊನೆ ಯಾರಿಗೆ ಗೊತ್ತಿಲ್ಲ? ಪರದೆಯ ಮುಂದೆ ಕೂತವರೆಲ್ಲರಿಗೂ ಕಥೆ ಗೊತ್ತು. ಅವರು ಬಂದದ್ದು ಇವತ್ತು ಹೇಗೆ ಹೇಳುತ್ತಾರೆ, ಪದ ಹೇಗೆ ಏರುತ್ತದೆ, ಗೊಂಬೆ ಹೇಗೆ ತಿರುಗುತ್ತದೆ ಎಂದು ನೋಡಲು.

ಈ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅರ್ಧ. ಬಯಲಾಟದಲ್ಲಿ ದುರ್ಯೋಧನನ ತೀರ್ಮಾನ ನೋಡುವವನ ಕೈಯಲ್ಲಿ ಇಲ್ಲ. ಗೇಮ್‌ನಲ್ಲಿ ತೀರ್ಮಾನ ಆಡುವವನದ್ದು. ಸಿನಿಮಾದಲ್ಲಿ ನಾಯಕ ಬಾಗಿಲು ತೆಗೆದರೆ ನಾವು ಉಸಿರು ಬಿಗಿಹಿಡಿಯುತ್ತೇವೆ, ಅಷ್ಟೇ. ಗೇಮ್‌ನಲ್ಲಿ ಬಾಗಿಲು ತೆಗೆಯುವ ಬಟನ್ ನಮ್ಮ ಹೆಬ್ಬೆರಳಿನ ಕೆಳಗಿದೆ. ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಒತ್ತುವುದು ಬೇರೆ, ಗೊತ್ತಿದ್ದು ಒತ್ತುವುದು ಬೇರೆ. ಗೆಳೆಯ ಎಂದು ನಂಬಿದ ಪಾತ್ರ ಮುಂದೆ ಕೈಕೊಡುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಅದರ ಜತೆ ಕುದುರೆ ಮೇಲೆ ಹೋಗುವ ಇಪ್ಪತ್ತು ಗಂಟೆಯೂ ಅನುಮಾನದಲ್ಲೇ ಕಳೆಯುತ್ತದೆ. ಹೋದದ್ದು ಕೊನೆಯ ದೃಶ್ಯ ಒಂದೇ ಅಲ್ಲ, ಅದಕ್ಕೆ ಮುಂಚಿನ ಆ ಗೆಳೆತನವೂ ಹೋಯಿತು.

ಎಲ್ಲ ಆಟಕ್ಕೂ ಇದು ಒಂದೇ ಅಳತೆಯಲ್ಲಿ ಅನ್ವಯಿಸುವುದಿಲ್ಲ. 2003ರ ಪ್ರಿನ್ಸ್ ಆಫ್ ಪರ್ಷಿಯಾ: ದ ಸ್ಯಾಂಡ್ಸ್ ಆಫ್ ಟೈಮ್ ನೆನಪಿಸಿಕೊಳ್ಳಿ. ಅದರಲ್ಲಿ ರಾಜಕುಮಾರ ನಡೆದುಹೋದ ಕಥೆಯನ್ನು ತಾನೇ ಹೇಳುತ್ತಿರುತ್ತಾನೆ. ನಾವು ಎಡವಿ ಸತ್ತರೆ, ಇಲ್ಲ ಇಲ್ಲ, ಹಾಗಾಗಲಿಲ್ಲ ಎಂದು ತಿದ್ದುತ್ತಾನೆ. ಅಂದರೆ ಅವನು ಬದುಕಿ ಬಂದು ಕಥೆ ಹೇಳುತ್ತಿದ್ದಾನೆ ಎಂಬುದು ಮೊದಲ ನಿಮಿಷದಿಂದಲೇ ಗೊತ್ತು. ಆದರೂ ಆಟದ ಸ್ವಾರಸ್ಯ ಕಡಿಮೆಯಾಗುವುದಿಲ್ಲ. ಗೋಡೆ ಮೇಲೆ ಓಡುವುದು, ಕಾಲವನ್ನು ಹಿಂದಕ್ಕೆ ತಿರುಗಿಸುವುದು, ಅದೆಲ್ಲ ಕೈಗೆ ಸಿಗುವ ಖುಷಿ. ನಮ್ಮ ಹಿರಿಯರ ಬಯಲಾಟದ ವಾದ ಇಂಥ ಆಟಕ್ಕೆ ಸರಿಯಾಗಿ ಕೂರುತ್ತದೆ.

ಇದರ ತದ್ವಿರುದ್ಧ ತುದಿಯಲ್ಲಿ ರಿಟರ್ನ್ ಆಫ್ ದ ಓಬ್ರಾ ಡಿನ್ ಇದೆ. ಲೂಕಸ್ ಪೋಪ್ 2018ರಲ್ಲಿ ಮಾಡಿದ ಆಟ. ಕಾಲ 1807. ಕಾಣೆಯಾಗಿದ್ದ ಹಡಗೊಂದು ಜನರಿಲ್ಲದೆ ಮರಳಿ ಬಂದಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಷ್ಟದ ತನಿಖೆಗೆ ಬಂದ ಅಧಿಕಾರಿ. ಹಡಗಿನಲ್ಲಿದ್ದ 60 ಜನರಲ್ಲಿ ಒಬ್ಬೊಬ್ಬರೂ ಯಾರು, ಅವರಿಗೆ ಏನಾಯಿತು ಎಂದು ಕಂಡುಹಿಡಿಯಬೇಕು. ಮಾತಿನ ಧಾಟಿ, ಹಾಕಿರುವ ಬಟ್ಟೆ, ಯಾರ ಪಕ್ಕ ಯಾರು ನಿಂತಿದ್ದಾರೆ, ಇಂಥ ಸಣ್ಣ ಸಣ್ಣ ಗುರುತುಗಳಿಂದಲೇ ಊಹಿಸಬೇಕು. ಮೂರು ಜನರದ್ದು ಸರಿಯಾಗಿ ಬರೆದರೆ ಮಾತ್ರ ಆಟ ಅದನ್ನು ಒಪ್ಪಿ ಅಚ್ಚು ಹಾಕುತ್ತದೆ, ಒಬ್ಬರದ್ದೇ ಆದರೆ ಇಲ್ಲ. ಸುಮ್ನೆ ಊಹಿಸಿ ದಾಟಬಾರದು ಎಂದೇ ಹಾಗೆ ಮಾಡಿದ್ದಾರೆ. ಈ ಆಟ ಆಡುತ್ತಿರುವವನಿಗೆ ಯಾರಾದರೂ ಬಂದು ‘ಆ ಟೋಪಿಯವನು ಇಂಥವನು’ ಎಂದರೆ ಅವನ ಪಾಲಿನ ಒಂದು ಗಂಟೆಯ ಯೋಚನೆಯನ್ನು ಕಿತ್ತುಕೊಂಡಂತೆ. 2019ರ ಔಟರ್ ವೈಲ್ಡ್ಸ್ ಕೂಡ ಇದೇ ಜಾತಿಯದು. ಅಲ್ಲಿ ಹೊಸ ಆಯುಧ ಸಿಗುವುದಿಲ್ಲ, ಶಕ್ತಿ ಹೆಚ್ಚುವುದಿಲ್ಲ. ಮುಂದೆ ಹೋಗಲು ಬೇಕಾದದ್ದು ನೀವೇ ತಿಳಿದುಕೊಂಡ ವಿಷಯ ಮಾತ್ರ. ಇಂಥ ಆಟಗಳನ್ನು ಒಂದು ಸಲವಷ್ಟೇ ಪೂರ್ತಿ ಮನಸ್ಸಿನಿಂದ ಆಡಬಹುದು. ಆ ಒಂದು ಸಲವನ್ನು ಇನ್ನೊಬ್ಬರು ಕೆಡಿಸಿದರೆ ತಿರುಗಿ ಕೊಡಲು ಯಾರಿಗೂ ಆಗುವುದಿಲ್ಲ. ನನಗೆ ನಿಜವಾದ ಕೋಪ ಬರುವುದು ಇಂಥ ಕಡೆ.

ಇವೆರಡರ ನಡುವೆ ಕವಲೊಡೆಯುವ ಆಟಗಳಿವೆ. 2023ರ ಬಾಲ್ಡರ್ಸ್ ಗೇಟ್ 3ಕ್ಕೆ 17,000 ಬಗೆಯ ಕೊನೆಗಳಿವೆ ಎಂದು ಅದನ್ನು ಮಾಡಿದ ಲಾರಿಯನ್ ಹೇಳಿಕೊಂಡಿತ್ತು. ಅಂಥ ಆಟದಲ್ಲಿ ನನ್ನ ಕೊನೆಯನ್ನು ನಿಮಗೆ ಹೇಳಿದರೆ ನಿಮ್ಮದು ಕೆಡುತ್ತದಾ? ಪೂರ್ತಿ ಕೆಡುವುದಿಲ್ಲ. ಆದರೆ ಯಾವ ಆಯ್ಕೆಯಿಂದ ಯಾವ ಪಾತ್ರ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ನೀವು ನಿಮಗನಿಸಿದ್ದನ್ನು ಆರಿಸುವುದಿಲ್ಲ, ಲಾಭದ್ದನ್ನು ಆರಿಸುತ್ತೀರಿ. ಸರಿ ಉತ್ತರದ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಆಡುವವರನ್ನು ನೋಡಿದ್ದೇನೆ. ಅವರ ಆಟದಲ್ಲಿ ಯಾರೂ ಸಾಯುವುದಿಲ್ಲ, ಯಾವುದೂ ತಪ್ಪುವುದಿಲ್ಲ. ಅದು ಅವರಿಗೆ ಖುಷಿ ಕೊಟ್ಟರೆ ನನ್ನ ತಕರಾರಿಲ್ಲ. ಕೇಳದವನ ಕೈಗೆ ಆ ಪಟ್ಟಿ ಕೊಡಬಾರದು ಅಷ್ಟೇ.

ಇದರ ಬಗ್ಗೆ ಮನಶ್ಶಾಸ್ತ್ರದವರೂ ಪರೀಕ್ಷೆ ಮಾಡಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 800ಕ್ಕೂ ಹೆಚ್ಚು ಜನರಿಗೆ ಸಣ್ಣ ಕಥೆಗಳನ್ನು ಓದಿಸಿದರು. ಕೊನೆ ಮೊದಲೇ ಗೊತ್ತಿದ್ದವರೇ ಕಥೆಯನ್ನು ಸ್ವಲ್ಪ ಜಾಸ್ತಿ ಮೆಚ್ಚಿದರು. ಈ ಸಂಶೋಧನೆಯನ್ನು ಈಗಲೂ ಜನ ವಾದಕ್ಕೆ ಎತ್ತಿಕೊಳ್ಳುತ್ತಾರೆ. ಆದರೆ 2015ರ ಹೊತ್ತಿಗೆ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ಮಾಡಿದ ಪರೀಕ್ಷೆಯಲ್ಲಿ ಫಲ ಉಲ್ಟಾ ಬಂತು: ಮೊದಲೇ ಹೇಳಿಬಿಟ್ಟ ಕಥೆ ಜನರನ್ನು ಕಡಿಮೆ ತಟ್ಟಿತು. ಅವರದ್ದೇ ಮುಂದಿನ ಕೆಲಸದಲ್ಲಿ ಇನ್ನೊಂದು ಅಂಶ ಕಂಡಿತು. ಭಾವನೆಯಲ್ಲಿ ಮುಳುಗಲು ಇಷ್ಟಪಡುವವರಿಗೆ ಏನೂ ಗೊತ್ತಿಲ್ಲದೆ ಓದುವುದೇ ಹೆಚ್ಚು ಹಿತ. ಇಷ್ಟಾಗಿ ಇವೆಲ್ಲ ಕೆಲವೇ ನಿಮಿಷದಲ್ಲಿ ಓದಿ ಮುಗಿಸುವ ಕಥೆಗಳ ಮೇಲಿನ ಪರೀಕ್ಷೆ. 50 ಗಂಟೆ ಕೈಯಾರೆ ನಡೆಸಿಕೊಂಡು ಹೋಗುವ ಕಥೆಗೆ ಇದನ್ನು ಹಾಗೇ ಹಚ್ಚಲು ಬರುವುದಿಲ್ಲ. ನಾನಂತೂ ಇದನ್ನು ತೀರ್ಪು ಎಂದು ಒಪ್ಪುವುದಿಲ್ಲ.

ಬೇಕಂತಲೇ ಕೊನೆ ತಿಳಿದುಕೊಂಡು ಆಡುವವರ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಮನೆಯಲ್ಲಿ ಸಾವಾಗಿರುವವರು, ಅಂಥದೇ ದೃಶ್ಯ ಆಟದಲ್ಲಿ ಎದುರಾಗುತ್ತದಾ ಎಂದು ಮೊದಲೇ ಕೇಳುತ್ತಾರೆ. ನಾಯಿ ಸಾಯುತ್ತದಾ ಎಂದು ಕೇಳುವವರಿದ್ದಾರೆ. ಸಾವಿರಾರು ರೂಪಾಯಿ ಕೊಡುವ ಮುಂಚೆ ಕಥೆ ಕೊನೆತನಕ ಗಟ್ಟಿಯಾಗಿದೆಯಾ ಎಂದು ನೋಡಿಕೊಳ್ಳುವವರಿದ್ದಾರೆ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವ ಮನೆಯ ಹುಡುಗ ಹಾಗೆ ಕೇಳಿದರೆ ಅದು ಜಾಣತನ. ಇನ್ನು ಕೆಲವರಿಗೆ ಆತಂಕವೇ ತಡೆಯಲು ಆಗುವುದಿಲ್ಲ. ಕೊನೆ ಗೊತ್ತಾದರೆ ಮನಸ್ಸು ನಿರಾಳವಾಗಿ, ದಾರಿಯಲ್ಲಿ ಮರ, ಮಳೆ, ಹಾಡು ಎಲ್ಲವನ್ನೂ ನೋಡುತ್ತಾ ಹೋಗುತ್ತಾರೆ.

ಇವರೆಲ್ಲರಿಗಿಂತ ದೊಡ್ಡ ಗುಂಪು ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೊಂದಿದೆ. ಆ ಗುಂಪಿನ ಬಗ್ಗೆ ಈ ಚರ್ಚೆಯಲ್ಲಿ ಯಾರೂ ಮಾತೇ ಆಡುವುದಿಲ್ಲ. ಅವರು ಆಟವನ್ನು ಎಂದೂ ಆಡುವುದಿಲ್ಲ, ನೋಡುತ್ತಾರೆ. ಅವರ ಹತ್ತಿರ ಪಿಸಿ ಇಲ್ಲ, ಕನ್ಸೋಲ್ ಕೊಳ್ಳುವ ಯೋಚನೆಯೂ ಇಲ್ಲ. ಆದರೆ ಗಾಡ್ ಆಫ್ ವಾರ್‌ನ ಅಪ್ಪ ಮಗನ ಕಥೆ ಅವರಿಗೆ ಬಾಯಿಪಾಠ. ಯೂಟ್ಯೂಬ್‌ನಲ್ಲಿ ಭಾಗ ಒಂದರಿಂದ ಕೊನೆಯ ಭಾಗದವರೆಗೆ ನೋಡಿರುತ್ತಾರೆ.

ಭಾಷೆಯೂ ಇದಕ್ಕೊಂದು ಕಾರಣ. ಈ ಲೇಖನದಲ್ಲಿ ಹೆಸರಿಸಿದ ಯಾವ ಕಥೆಯಾಟದಲ್ಲೂ ಕನ್ನಡ ಸಬ್‌ಟೈಟಲ್ ಇಲ್ಲ. ರೆಡ್ ಡೆಡ್ 2ರಲ್ಲಿ ಮಾತನಾಡುವವರು 1899ರ ಅಮೆರಿಕದ ಹಳ್ಳಿಗಾಡಿನ ದರೋಡೆಕೋರರು. ಅವರ ಇಂಗ್ಲಿಷು ಇಂಗ್ಲಿಷ್ ಮೀಡಿಯಂ ಹುಡುಗರಿಗೇ ಪೂರ್ತಿ ಹಿಡಿಯುವುದಿಲ್ಲ. ಹೀಗಾಗಿ ಕೆಫೆಯಲ್ಲಿ ಒಂದು ದೃಶ್ಯ ಸಾಮಾನ್ಯ. ಒಬ್ಬ ಅಣ್ಣ ಆಡುತ್ತಿರುತ್ತಾನೆ, ಕುರ್ಚಿಯ ಹಿಂದೆ ಮೂರ್ನಾಲ್ಕು ಹುಡುಗರು ನಿಂತಿರುತ್ತಾರೆ. ಕಟ್‌ಸೀನ್, ಅಂದರೆ ಆಟದ ನಡುವೆ ಸಿನಿಮಾದಂತೆ ಓಡುವ ದೃಶ್ಯ, ಶುರುವಾದ ಕೂಡಲೇ ಒಬ್ಬ ಕೇಳುತ್ತಾನೆ: ‘ಅಣ್ಣಾ, ಏನಂದ ಅವ?’ ಅಣ್ಣ ಪರದೆ ಬಿಟ್ಟು ಕಣ್ಣು ತಿರುಗಿಸದೆ, ‘ರೊಕ್ಕ ಎಲ್ಲೈತಿ ಅಂತ ಕೇಳಾಕತ್ತಾನ. ಇವಂಗ ನಂಬಿಕಿ ಇಲ್ಲ’ ಎನ್ನುತ್ತಾನೆ. ಕಥೆ ಮುಂದೆ ಹೋಗುತ್ತದೆ. ಹಿಂದೆ ನಿಂತ ಹುಡುಗರಿಗೆ ಆ ಆಟ ಸಿಗುವುದು ಆ ಅಣ್ಣನ ಬಾಯಲ್ಲೇ. ಅವನು ಮುಂದೆ ಏನಾಗುತ್ತದೆ ಎಂದು ಹೇಳಿದರೆ ಅವರ ಪಾಲಿಗೆ ಏನೂ ಕೆಡುವುದಿಲ್ಲ. ಹೇಳದಿದ್ದರೆ ಅವರಿಗೆ ಕಥೆಯೇ ಇಲ್ಲ.

ಆದರೆ ಅದೇ ಕೋಣೆಯಲ್ಲಿ ಪಕ್ಕದ ಪಿಸಿಯಲ್ಲಿ ಕೂತ ಹುಡುಗ ಅದೇ ಆಟವನ್ನು ತನ್ನ ದುಡ್ಡಿನಲ್ಲಿ, ತನ್ನ ಸೇವ್‌ನಲ್ಲಿ, ದಿನಕ್ಕೊಂದು ಗಂಟೆ ಆಡುತ್ತಿರಬಹುದು. ಅವನಿಗೆ ಅಣ್ಣನ ಅದೇ ಮಾತು ಹೊಡೆತ. ಒಂದೇ ಮಾತು ಒಬ್ಬನಿಗೆ ಊಟ, ಇನ್ನೊಬ್ಬನ ತಟ್ಟೆಗೆ ಮಣ್ಣು. ‘ಕಥೆ ಹೇಳಬಾರದು’ ಎಂದೋ ‘ಹೇಳಿದರೆ ಏನೀಗ’ ಎಂದೋ ಒಂದೇ ಗೆರೆ ಎಳೆದರೆ ಇಬ್ಬರಲ್ಲಿ ಒಬ್ಬನಿಗೆ ಅನ್ಯಾಯ ಆಗೇ ಆಗುತ್ತದೆ.

ಕಂಪನಿಗಳು ಎಳೆದ ಗೆರೆಗಳು ಇದಕ್ಕಿಂತ ಒರಟು. 2017ರ ಏಪ್ರಿಲ್‌ನಲ್ಲಿ ಪರ್ಸೋನಾ 5 ಪಶ್ಚಿಮದ ದೇಶಗಳಲ್ಲಿ ಬಂದಾಗ ಅದನ್ನು ಮಾಡಿದ ಅಟ್ಲಸ್, ಆಟದೊಳಗಿನ ಕ್ಯಾಲೆಂಡರಿನ ಜುಲೈ 7ರ ಆಚೆಗಿನ ಭಾಗವನ್ನು ಯಾರೂ ಲೈವ್ ತೋರಿಸಬಾರದು ಎಂದು ಎಚ್ಚರಿಕೆ ಕೊಟ್ಟಿತು. ತೋರಿಸಿದರೆ ಚಾನೆಲ್ ಮೇಲೆ ಕ್ರಮ ಎಂಬ ಧಾಟಿ. ಜನ ಸಿಟ್ಟಾದರು. ಅದೇ ತಿಂಗಳ ಕೊನೆಗೆ ಕಂಪನಿ ಕ್ಷಮೆ ಕೇಳಿ ಗಡಿಯನ್ನು ಆಟದ ನವೆಂಬರ್ 19ಕ್ಕೆ ಸರಿಸಿತು. ಆಟ ಕೊಳ್ಳಲಾಗದೆ ನೋಡುವವರ ಕಡೆಯಿಂದ ಯೋಚಿಸಿದರೆ ಆ ಮೊದಲ ನಿಯಮ ತೀರಾ ಅತಿಯಾಯಿತು. ಪ್ಲೇಸ್ಟೇಷನ್‌ನಲ್ಲಿ ಕೆಲವು ದೃಶ್ಯಗಳನ್ನು ರೆಕಾರ್ಡ್ ಮಾಡದಂತೆ ಆಟ ಮಾಡಿದವರೇ ತಡೆಯಬಹುದು. ಆಟದಲ್ಲಿ ಸಾಧನೆಗೆ ಸಿಗುವ ಟ್ರೋಫಿಗಳ ಪಟ್ಟಿಯಲ್ಲಿ ಕಥೆಯ ಗುಟ್ಟು ಹೇಳುವ ಹೆಸರನ್ನು ಮುಚ್ಚಿಡುತ್ತಾರೆ. ಈ ಎರಡನೆಯದು ನನಗೆ ಹಿಡಿಸುತ್ತದೆ. ಬೇಕಾದವನು ತೆರೆದು ನೋಡಬಹುದು, ಬೇಡದವನ ಕಣ್ಣಿಗೆ ಬೀಳುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದಾಗಿ ಆದದ್ದು ದ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ. 2020ರ ಏಪ್ರಿಲ್ ಕೊನೆಯಲ್ಲಿ, ಬಿಡುಗಡೆಗೆ ಇನ್ನೂ ವಾರಗಳಿರುವಾಗಲೇ, ಅದರ ಮುಖ್ಯ ದೃಶ್ಯಗಳು ಹೊರಬಿದ್ದವು. ತುಂಡು ತುಂಡಾಗಿ ಬಂದ ದೃಶ್ಯ ನೋಡಿ ಜನ ಇಡೀ ಆಟದ ಬಗ್ಗೆ ತೀರ್ಪು ಕೊಟ್ಟುಬಿಟ್ಟರು. ಬಿಡುಗಡೆಯಾದ ಮೇಲೆ ಅದರಲ್ಲಿ ಪಾತ್ರ ಮಾಡಿದ ನಟಿ ಲಾರಾ ಬೇಲಿ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಆ ಕಥೆ ನಿಧಾನವಾಗಿ, ಗಂಟೆಗಟ್ಟಲೆ, ಆಡುವವನ ಮನಸ್ಸನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಕಟ್ಟಿದ್ದು. ದಾರಿ ನಡೆಯದೆ ಕೊನೆ ನೋಡಿದವನಿಗೆ ಕಂಡದ್ದು ಬರೀ ಕ್ರೌರ್ಯ.

ಇವೆಲ್ಲ ದೂರದ ಮಾತು. ದಿನಾ ನಮ್ಮನ್ನು ಕಾಡುವುದು ಕೈಯಲ್ಲಿರುವ ಮೊಬೈಲು. ಆಟದಲ್ಲಿ ಒಂದು ಕೀಲಿ ಎಲ್ಲಿದೆ ಎಂದು ಹುಡುಕಲು ಪಾತ್ರದ ಹೆಸರು ಟೈಪ್ ಮಾಡಿ. ಹೆಸರು ಮುಗಿಯುವ ಮುಂಚೆಯೇ ಕೆಳಗೆ ಸಲಹೆಗಳು ಇಳಿಯುತ್ತವೆ, ಅದರಲ್ಲಿ ‘ಸಾವು’ ಎಂಬ ಪದ ಇದ್ದರೆ ಮುಗಿಯಿತು. ಕೀಲಿ ಹುಡುಕಲು ಹೋದವನಿಗೆ ಕಥೆಯ ಕೊನೆ ಸಿಕ್ಕಿತು. ಯೂಟ್ಯೂಬ್ ಥಂಬ್‌ನೇಲ್ ಇದಕ್ಕಿಂತ ನೇರ: ಅಳುವ ಮುಖ, ನೆಲಕ್ಕೆ ಬಿದ್ದ ನಾಯಕ, ಮೇಲೆ ಕೆಂಪು ಅಕ್ಷರ. ಒತ್ತಬೇಕಂತಲೇ ಇಲ್ಲ. ಮನೆಯಲ್ಲಿ ಒಂದೇ ಫೋನನ್ನು ಅಣ್ಣ ತಮ್ಮ ಇಬ್ಬರೂ ಬಳಸಿದರೆ ಇನ್ನೂ ಕಷ್ಟ. ತಮ್ಮ ಮಧ್ಯಾಹ್ನ ಒಂದು ಆಟದ ಕೊನೆಯ ಭಾಗ ನೋಡಿದ್ದರೆ, ರಾತ್ರಿ ಅಣ್ಣ ಫೋನ್ ತೆಗೆದಾಗ ಅದರಂಥವೇ ಹತ್ತು ವಿಡಿಯೊ ಮುಂದೆ ನಿಂತಿರುತ್ತವೆ. ಒಂದೇ ಆ್ಯಪಿನಲ್ಲಿ ಇಬ್ಬರೂ ತಮ್ಮ ತಮ್ಮ ಜಿಮೇಲ್‌ನಿಂದ ಬೇರೆ ಬೇರೆ ಖಾತೆ ಇಟ್ಟುಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಆಡುತ್ತಿರುವ ಆಟದ ವಿಡಿಯೊ ಕಂಡರೆ ಅದರ ಪಕ್ಕದ ಮೂರು ಚುಕ್ಕೆ ಒತ್ತಿ ‘ಆಸಕ್ತಿ ಇಲ್ಲ’ ಎಂದು ಕೊಡುವುದೂ ಕೆಲಸ ಮಾಡುತ್ತದೆ. ಗೂಗಲ್‌ನಲ್ಲಿ ಹುಡುಕುವಾಗ ಪಾತ್ರದ ಹೆಸರು ಬಿಟ್ಟು ಅಧ್ಯಾಯದ ಹೆಸರು ಹಾಕಿ.

ಕನ್ನಡದಲ್ಲಿ ಗೇಮ್ ಆಡಿ ತೋರಿಸುವ ಹುಡುಗರ ಮೇಲೆ ನನಗೆ ಗೌರವ ಇದೆ. ಕನ್ನಡವಿಲ್ಲದ ಆಟಕ್ಕೆ ಕನ್ನಡ ಕೊಟ್ಟವರು ಅವರೇ. ನೋಡುವವರಿಗಾಗಿ ಅವರು ಪೂರ್ತಿ ಕಥೆ ಹೇಳಲೇಬೇಕು, ಕೊನೆಯನ್ನೂ ತೋರಿಸಬೇಕು. ನಾನು ಕೇಳುವುದು ಇಷ್ಟೇ. ಯಾರು ಸತ್ತರು, ಯಾರು ದ್ರೋಹ ಮಾಡಿದರು ಎಂಬುದನ್ನು ವಿಡಿಯೊದ ಒಳಗೆ ಇಡಿ, ಹೆಸರಿನಲ್ಲೂ ಥಂಬ್‌ನೇಲ್‌ನಲ್ಲೂ ಹಾಕಬೇಡಿ. ಭಾಗ ಒಂದರಿಂದ ಜತೆಗಿದ್ದ ನೋಡುಗರು ಕೊನೆಯ ಭಾಗಕ್ಕೆ ಕರೆಯದೆಯೂ ಬರುತ್ತಾರೆ.

ಬಾಯಿಮಾತಿಗೆ ಮಾತ್ರ ಯಾವ ಬಟನ್ನೂ ಇಲ್ಲ. ಅಲ್ಲಿ ಕೇಳಿಯೇ ಹೇಳಬೇಕು, ಮತ್ತು ಕೇಳಬೇಕಾದ ಪ್ರಶ್ನೆ ‘ಕಥೆ ಹೇಳಲಾ?’ ಎಂಬುದಲ್ಲ. ಹಾಗೆ ಕೇಳಿದರೆ ಎದುರಿನವನು ಕುತೂಹಲಕ್ಕೆ ಹೂಂ ಎಂದುಬಿಡುತ್ತಾನೆ. ‘ನೀ ಇದನ್ನ ಆಡ್ತೀಯಾ, ನೋಡ್ತೀಯಾ?’ ಎಂದು ಕೇಳಬೇಕು. ಆಡುತ್ತೇನೆ ಎಂದವನಿಗೆ, ಆಟ ಬಂದು ಹತ್ತು ವರ್ಷವಾಗಿದ್ದರೂ ಬಾಯಿ ಬಿಡಬಾರದು. ತಾನು ಇನ್ನೂ ಹುಟ್ಟಿರದ ಕಾಲದ ಆಟವನ್ನು ಇವತ್ತು ಮೊದಲ ಸಲ ಆಡುವ ಹುಡುಗನಿಗೆ ಆ ಆಟ ಇವತ್ತೇ ಬಿಡುಗಡೆ. ನೋಡುವವನಿಗೆ ಮಾತ್ರ ಕೂರಿಸಿಕೊಂಡು ಪೂರ್ತಿ ಹೇಳಿ, ಚೆನ್ನಾಗಿ ಹೇಳಿ.

ಕಷ್ಟ ಇರುವುದು ಮೂರನೇ ಉತ್ತರದಲ್ಲಿ: ‘ಗೊತ್ತಿಲ್ಲ ಮಾಮ, ರೊಕ್ಕ ಆದ್ರ ಆಡ್ತೀನಿ.’ ನಮ್ಮ ಕಡೆ ಹೆಚ್ಚು ಜನ ಕೊಡುವ ಉತ್ತರ ಇದೇ. ಇಂಥವರಿಗೆ ನಾನು ಕಥೆಯ ಶುರುವನ್ನಷ್ಟೇ ಹೇಳುತ್ತೇನೆ. ರೆಡ್ ಡೆಡ್ 2 ಆದರೆ, 1899ನೇ ಇಸವಿ, ದರೋಡೆಯೊಂದು ಕೆಟ್ಟು ಪೊಲೀಸರಿಂದ ತಪ್ಪಿಸಿಕೊಂಡ ಗುಂಪು, ಮೊಣಕಾಲು ಮುಳುಗುವ ಹಿಮ, ತಿನ್ನಲು ಏನೂ ಇಲ್ಲ, ಮಲಗಿದವರಲ್ಲಿ ಗಾಯಗೊಂಡವರಿದ್ದಾರೆ, ಆ ಗುಂಪಿನ ನಾಯಕನ ಮಾತನ್ನು ಎಲ್ಲರೂ ನಂಬಿದ್ದಾರೆ. ಅಲ್ಲಿಗೆ ನಿಲ್ಲಿಸುತ್ತೇನೆ. ಕೆಲವರು ಹಾರ್ಡ್ ಡಿಸ್ಕ್ ತಂದು ಆಟ ಹಾಕಿಸಿಕೊಳ್ಳುತ್ತಾರೆ. ಕೆಲವರು ಮುಂದಿನ ವಾರ ಬಂದು, ‘ಅದು ನಮ್ ಕಂಪ್ಯೂಟರ್‌ನಾಗ ಓಡಂಗಿಲ್ಲಂತ, ಮುಂದೇನಾತು ಹೇಳು’ ಎನ್ನುತ್ತಾರೆ. ಅವರಿಗೆ ಆಗ ಕೊನೆತನಕ ಹೇಳುತ್ತೇನೆ.